ಕಲಕಿ ಕೇಳುವ ವಿದ್ಯೆ

ಕಾಗವಾಡ ತಾಲ್ಲೂಕಿನ ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆ ಇದೆ. 1939ರಲ್ಲಿ ಹುಟ್ಟಿದ ಕಂಪನಿ ಅದು. ಕೃಷ್ಣೆಯ ದಂಡೆಯ ಕಬ್ಬು ಅಲ್ಲಿ ರಸವಾಗಿ, ರಸ ಕುದ್ದು ಪಾಕವಾಗಿ, ಪಾಕದೊಳಗೆ ಹರಳು ಕೂತ ಮೇಲೂ ಒಂದು ಕೆಲಸ ಉಳಿದಿರುತ್ತದೆ: ಹರಳನ್ನು ಕಾಕಂಬಿಯಿಂದ ಬಿಡಿಸುವುದು. ತೂತುಗಳಿರುವ ದೊಡ್ಡ ಬುಟ್ಟಿಗೆ ಪಾಕ ಸುರಿದು, ನಿಮಿಷಕ್ಕೆ ಸಾವಿರ ಸುತ್ತಿನ ಆಸುಪಾಸಿನ ವೇಗದಲ್ಲಿ ತಿರುಗಿಸುತ್ತಾರೆ. ಕಾಕಂಬಿ ತೂತಿನಿಂದ ಸಿಡಿದು ಹೊರಗೆ ಹೋಗುತ್ತದೆ, ಸಕ್ಕರೆ ಒಳಗೆ ನಿಲ್ಲುತ್ತದೆ. ಯಾವುದು ಘನ, ಯಾವುದು ದ್ರವ ಎಂಬ ಪ್ರಶ್ನೆಯನ್ನು ತಿರುಗುವ ಬುಟ್ಟಿಯೇ ಇತ್ಯರ್ಥ ಮಾಡಿಬಿಡುತ್ತದೆ.

ಎಷ್ಟು ತಿರುಗಿಸಿದರೂ ಹೀಗೆ ಬೇರೆಯಾಗದ ಒಂದು ಪದಾರ್ಥ ಇದೆ. ಅದರಲ್ಲಿ ಹರಳಿನ ಪಾಲು ಒಂದು, ದ್ರವದ ಪಾಲು ಇನ್ನೊಂದು ಎಂದು ಎರಡು ರಾಶಿ ಇಲ್ಲ. ಪ್ರತಿ ಪರಮಾಣುವೂ ಏಕಕಾಲಕ್ಕೆ ಹರಳಿಗೂ ಸೇರಿದೆ, ತಡೆಯಿಲ್ಲದೆ ಹರಿಯುವ ದ್ರವಕ್ಕೂ ಸೇರಿದೆ. ಭೌತವಿಜ್ಞಾನಿಗಳು ಇದನ್ನು ಸೂಪರ್‌ಸಾಲಿಡ್ ಎನ್ನುತ್ತಾರೆ. ಕನ್ನಡದಲ್ಲಿ ಅತಿಘನ ಎನ್ನೋಣ. ಅದನ್ನು ತಯಾರಿಸುವುದೇ ಒಂದು ಕುಶಲವಿದ್ಯೆ. ತಯಾರಾದದ್ದು ಒಡೆಯದಂತೆ ಅದನ್ನು ಕಲಕಿ, ಅದರಿಂದ ನಿಜ ಹೇಳಿಸುವುದು ಇನ್ನೂ ದೊಡ್ಡ ವಿದ್ಯೆ. ಈ ಲೇಖನ ಆ ಎರಡನೆಯ ವಿದ್ಯೆಯನ್ನು ಕುರಿತದ್ದು.

ನಿಲ್ಲದ ಹರಿವಿನ ಗುಟ್ಟು

ಮೊದಲು ಅತಿದ್ರವದ ಕಥೆ. 1908ರಲ್ಲಿ ನೆದರ್‌ಲೆಂಡ್ಸಿನ ಲೈಡನ್‌ನಲ್ಲಿ ಕಾಮರ್‌ಲಿಂಗ್ ಓನೆಸ್ ಹೀಲಿಯಂ ಅನಿಲವನ್ನು ದ್ರವವಾಗಿಸಿದರು. ಆ ದ್ರವವನ್ನು 2.17 ಕೆಲ್ವಿನ್‌ಗಿಂತ, ಅಂದರೆ ಸೊನ್ನೆಗಿಂತ ಸುಮಾರು 271 ಡಿಗ್ರಿ ಸೆಲ್ಸಿಯಸ್ ಕೆಳಗೆ, ತಣಿಸಿದರೆ ಅದರ ಸ್ನಿಗ್ಧತೆ ಮಾಯವಾಗುತ್ತದೆ ಎಂದು 1938ರ ಆರಂಭದಲ್ಲಿ ಮಾಸ್ಕೋದ ಪ್ಯೋತರ್ ಕಪಿತ್ಸಾ ಹಾಗೂ ಕೇಂಬ್ರಿಡ್ಜ್‌ನ ಆಲನ್ ಮತ್ತು ಮಿಸೆನರ್ ಬೇರೆ ಬೇರೆಯಾಗಿ ಪ್ರಕಟಿಸಿದರು. ಮಾಮೂಲಿ ದ್ರವ ನುಸುಳಲಾರದ ಸಣ್ಣ ಸಂದಿನಲ್ಲೂ ಅದು ತಡೆಯಿಲ್ಲದೆ ಹರಿಯುತ್ತದೆ.

ಅತಿದ್ರವದ ನಿಜವಾದ ಸ್ವಭಾವ ಕಾಣುವುದು ಪಾತ್ರೆಯನ್ನು ತಿರುಗಿಸಿದಾಗ. ನೀರಿನ ಪಾತ್ರೆಯನ್ನು ತಿರುಗಿಸಿದರೆ ಸ್ವಲ್ಪ ಹೊತ್ತಿನಲ್ಲಿ ಅಂಚಿನ ನೀರು ನಡುವಿನ ನೀರನ್ನೂ ಎಳೆದುಕೊಂಡು, ಒಳಗಿನದೆಲ್ಲ ಪಾತ್ರೆಯ ಜೊತೆಗೇ ಸುತ್ತತೊಡಗುತ್ತದೆ. ಅತಿದ್ರವದ ಪಾತ್ರೆಯನ್ನು ನಿಧಾನವಾಗಿ ತಿರುಗಿಸಿದರೆ ಪಾತ್ರೆ ಮಾತ್ರ ಸುತ್ತುತ್ತದೆ, ದ್ರವ ನಿಂತಲ್ಲೇ ನಿಂತಿರುತ್ತದೆ. ವೇಗ ಒಂದು ಮಿತಿ ದಾಟಿದಾಗ ಅಂಚಿನಿಂದ ಒಂದು ಸಣ್ಣ ಸುಳಿ ಒಳಗೆ ಬರುತ್ತದೆ. ಇನ್ನೂ ವೇಗ ಹೆಚ್ಚಿಸಿದರೆ ಎರಡನೆಯದು, ಮೂರನೆಯದು. ಈ ಸುಳಿಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಎಂಬುದಿಲ್ಲ. ಎಲ್ಲದರ ಪರಿಚಲನೆಯೂ ಒಂದೇ ಅಳತೆ: ಪ್ಲಾಂಕ್ ಸ್ಥಿರಾಂಕವನ್ನು ಪರಮಾಣುವಿನ ದ್ರವ್ಯರಾಶಿಯಿಂದ ಭಾಗಿಸಿದರೆ ಬರುವಷ್ಟು.

ಕಾರಣ ಹೀಗಿದೆ. ಅತಿದ್ರವದ ಪರಮಾಣುಗಳೆಲ್ಲ ಒಂದೇ ಕ್ವಾಂಟಂ ಅಲೆಯಲ್ಲಿ ಪಾಲುದಾರರು. ಅಲೆಯ ಏರಿಳಿತದ ಹಂತ ಜಾಗದಿಂದ ಜಾಗಕ್ಕೆ ಹೇಗೆ ಬದಲಾಗುತ್ತದೆ ಎಂಬುದೇ ಹರಿವಿನ ವೇಗವನ್ನು ನಿರ್ಧರಿಸುತ್ತದೆ. ಒಂದು ವೃತ್ತದ ಸುತ್ತ ನಡೆದು ಹೊರಟ ಜಾಗಕ್ಕೆ ಮರಳಿದಾಗ ಅಲೆ ತನ್ನನ್ನು ತಾನೇ ಸರಿಯಾಗಿ ಕೂಡಿಕೊಳ್ಳಬೇಕು. ಆದ್ದರಿಂದ ಸುತ್ತುವ ದಾರಿಯಲ್ಲಿ ಅದರ ಹಂತ ಪೂರ್ಣಸಂಖ್ಯೆಯಷ್ಟು ಸಲ ಮಾತ್ರ ಬದಲಾಗಬಲ್ಲದು: ಸೊನ್ನೆ, ಒಂದು, ಎರಡು. ಒಂದೂವರೆಗೆ ಅಲ್ಲಿ ಜಾಗವಿಲ್ಲ. ಲಾರ್ಸ್ ಓನ್ಸಾಗರ್ 1949ರಲ್ಲಿ, ರಿಚರ್ಡ್ ಫೈನ್‌ಮನ್ 1955ರಲ್ಲಿ ಇದನ್ನು ವಿವರಿಸಿದರು.

ನಿಲ್ಲದ ಹರಿವಿನ ಗುಟ್ಟೂ ಇದೇ. ಉಂಗುರದ ಆಕಾರದ ಹಾದಿಯಲ್ಲಿ ಅತಿದ್ರವಕ್ಕೆ ಒಂದು ಸುತ್ತಿನ ಹರಿವು ಕೊಟ್ಟರೆ ಅದು ಸ್ವಲ್ಪ ಸ್ವಲ್ಪವಾಗಿ ಮಂದವಾಗಲಾರದು, ಏಕೆಂದರೆ ಒಂದು ಮತ್ತು ಸೊನ್ನೆಯ ನಡುವೆ ಮೆಟ್ಟಿಲೇ ಇಲ್ಲ. ನಿಲ್ಲಬೇಕಾದರೆ ಒಂದು ಸುಳಿ ಉಂಗುರವನ್ನು ಅಡ್ಡ ಹಾಯ್ದು ಹೋಗಬೇಕು. ಅದಕ್ಕೆ ಬೇಕಾದ ಶಕ್ತಿ ಅಷ್ಟು ಚಳಿಯಲ್ಲಿ ಎಲ್ಲಿಂದಲೂ ಒದಗುವುದಿಲ್ಲ. 2007ರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ ತಂಡ ಸೋಡಿಯಂ ಪರಮಾಣುಗಳ ಉಂಗುರದಲ್ಲಿ ಇಂಥ ಹರಿವು 10 ಸೆಕೆಂಡಿನವರೆಗೆ ಉಳಿದದ್ದನ್ನು ಕಂಡಿತು; 2011ರಲ್ಲಿ ಅದು ಸುಮಾರು 40 ಸೆಕೆಂಡಿಗೆ ಏರಿತು. ಪರಮಾಣುಗಳ ಲೋಕದಲ್ಲಿ 40 ಸೆಕೆಂಡು ಬಹು ದೀರ್ಘ ಕಾಲ.

ಒಂದು ಪ್ರಶ್ನೆ, ಒಂದು ತಿದ್ದುಪಡಿ

ಹರಳಿಗೂ ಈ ಗುಣ ಬರಬಹುದೇ? 1969ರಲ್ಲಿ ರಷ್ಯಾದ ಆಂದ್ರೇಯೆವ್ ಮತ್ತು ಲಿಫ್ಶಿಟ್ಸ್, 1970ರಲ್ಲಿ ಅಮೆರಿಕದ ಜೆಫ್ರಿ ಚೆಸ್ಟರ್, ಬರಬಹುದು ಎಂದು ತರ್ಕಿಸಿದರು. ಅದೇ 1970ರಲ್ಲಿ ಆಂಥನಿ ಲೆಗೆಟ್ ಪರೀಕ್ಷೆಯ ವಿಧಾನವನ್ನೇ ಹೇಳಿದರು: ತಿರುಗಿಸಿ ನೋಡಿ. ಪದಾರ್ಥದ ಒಂದು ಪಾಲು ತಿರುಗುವಿಕೆಯಲ್ಲಿ ಭಾಗವಹಿಸದೆ ಹಿಂದುಳಿದರೆ, ಆ ವಸ್ತುವನ್ನು ತಿರುಗಿಸುವುದು ಅದರ ತೂಕ ಸೂಚಿಸುವುದಕ್ಕಿಂತ ಸುಲಭವಾಗುತ್ತದೆ. ಹಾಗೆ ಹಿಂದುಳಿದ ಪಾಲೇ ಅದರ ಅತಿದ್ರವತೆಯ ಅಳತೆ. ಅಷ್ಟೇ ಅಲ್ಲ, ಹರಳಿನಲ್ಲಿ ಸಾಂದ್ರತೆಯ ಏರುತಗ್ಗು ಹೆಚ್ಚಾದಷ್ಟೂ ಈ ಪಾಲು ಕಡಿಮೆಯಾಗಲೇಬೇಕು ಎಂದೂ ಅವರು ತೋರಿಸಿದರು. ಸಂಪೂರ್ಣ ಹರಿವಿಗೂ ಸಂಪೂರ್ಣ ಬಿಗಿತಕ್ಕೂ ನಡುವಿನ ರಾಜಿಗೆ ಹೀಗೆ ಒಂದು ಲೆಕ್ಕ ಸಿಕ್ಕಿತು.

2004ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಮೋಸೆಸ್ ಚಾನ್ ಮತ್ತು ಯುನ್‌ಸಿಯಾಂಗ್ ಕಿಮ್ ಘನ ಹೀಲಿಯಂ ತುಂಬಿದ ಸಣ್ಣ ಡಬ್ಬಿಯನ್ನು ತಿರುಚು ಲೋಲಕಕ್ಕೆ ಕಟ್ಟಿ ಅತ್ತಿತ್ತ ತಿರುಗಿಸಿದರು. ಸುಮಾರು 0.2 ಕೆಲ್ವಿನ್‌ಗಿಂತ ಕೆಳಗೆ ಲೋಲಕದ ಓಲಾಟ ಚುರುಕಾಯಿತು, ಒಳಗಿನ ತೂಕ ಇಳಿದ ಹಾಗೆ. ಜಗತ್ತಿನ ಹಲವು ಪ್ರಯೋಗಾಲಯಗಳು ಅದನ್ನೇ ಮಾಡಿ ನೋಡಿದವು. ಆದರೆ 2007ರಲ್ಲಿ ಕೆನಡಾದ ಡೇ ಮತ್ತು ಬೀಮಿಶ್, ಅಷ್ಟೇ ತಂಪಿನಲ್ಲಿ ಘನ ಹೀಲಿಯಂ ಇದ್ದಕ್ಕಿದ್ದಂತೆ ಹೆಚ್ಚು ಬಿಗಿಯಾಗುತ್ತದೆ ಎಂದು ಕಂಡರು. ಡಬ್ಬಿಯ ಒಳಗಿನದು ಬಿಗಿಯಾದರೆ ಲೋಲಕ ಅದರಿಂದಲೇ ಚುರುಕಾಗಬಹುದಲ್ಲ! ಚಾನ್ ಆ ದಾರಿಯೇ ಉಳಿಯದಂತೆ ಉಪಕರಣವನ್ನು ಹೊಸದಾಗಿ ಕಟ್ಟಿ, ಮತ್ತೆ ಅಳೆದು, ಹಿಂದಿನ ಸಂಕೇತ ಕಾಣುತ್ತಿಲ್ಲ ಎಂದು 2012ರಲ್ಲಿ ತಾವೇ ಪ್ರಕಟಿಸಿದರು. ತಮ್ಮ ಕೀರ್ತಿಯ ಫಲಿತಾಂಶವನ್ನು ತಾವೇ ಮರುಪರೀಕ್ಷೆಗೆ ಒಡ್ಡಿದ ಈ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಮುಂದಿನವರಿಗೆ ಅದು ಒಂದು ಪಾಠವನ್ನೂ ಬಿಟ್ಟುಹೋಯಿತು: ತಿರುಗಿಸಿದಾಗ ಹಗುರವಾಯಿತು ಎಂಬುದಷ್ಟೇ ಸಾಕ್ಷಿಯಲ್ಲ. ಬೇರೆ ಯಾವ ಪದಾರ್ಥವೂ ಕೊಡಲಾರದ ಗುರುತು ಬೇಕು. ಆ ಗುರುತು ಸುಳಿ.

ಡಿಸ್ಪ್ರೋಸಿಯಂನ ಹನಿಗಳು

ದಾರಿ ತೆರೆದದ್ದು ಅನಿಲದ ಕಡೆಯಿಂದ. 1924ರಲ್ಲಿ ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸ್ ಬೆಳಕಿನ ಕಣಗಳನ್ನು ಎಣಿಸುವ ಹೊಸ ಕ್ರಮ ಹೇಳಿದರು, ಐನ್‌ಸ್ಟೈನ್ ಅದನ್ನು ಪರಮಾಣುಗಳಿಗೂ ವಿಸ್ತರಿಸಿದರು. ಸಾಕಷ್ಟು ತಣಿಸಿದರೆ ಪರಮಾಣುಗಳು ಒಂದೇ ಅಲೆಯಾಗಿ ಕೂಡಿಕೊಳ್ಳುತ್ತವೆ ಎಂಬ ಆ ಮಾತು 1995ರಲ್ಲಿ ರುಬಿಡಿಯಂ ಅನಿಲದಲ್ಲಿ ನಿಜವಾಯಿತು. ಈ ಬೋಸ್–ಐನ್‌ಸ್ಟೈನ್ ಸಾಂದ್ರಕವೂ ಅತಿದ್ರವವೇ. 2001ರಲ್ಲಿ ಎಂಐಟಿಯ ವುಲ್ಫ್‌ಗಾಂಗ್ ಕೆಟರ್ಲೆ ತಂಡ ಸೋಡಿಯಂ ಸಾಂದ್ರಕವನ್ನು ಲೇಸರ್ ಕಿರಣಗಳಿಂದ ಕಲಕಿ, ನೂರಕ್ಕೂ ಹೆಚ್ಚು ಸುಳಿಗಳು ಅಚ್ಚುಕಟ್ಟಾಗಿ ಸಾಲುಗೂಡಿ ನಿಂತ ಚಿತ್ರ ತೆಗೆಯಿತು.

ಆದರೆ ಈ ಸಾಂದ್ರಕ ನುಣುಪಾದ ದ್ರವ. ಅದರಲ್ಲಿ ಹರಳು ತಾನಾಗಿ ಮೂಡಬೇಕಾದರೆ ಪರಮಾಣುಗಳು ದೂರದಿಂದಲೇ ಒಂದನ್ನೊಂದು ಎಳೆಯಬೇಕು, ದೂಡಬೇಕು. ಇಲ್ಲಿ ಪ್ರವೇಶ ಮಾಡಿದ್ದು ಡಿಸ್ಪ್ರೋಸಿಯಂ. ಪರಮಾಣು ಸಂಖ್ಯೆ 66ರ ಈ ಅಪರೂಪದ ಲೋಹದ ಪ್ರತಿ ಪರಮಾಣುವೂ ಒಂದು ಸಣ್ಣ ಅಯಸ್ಕಾಂತ. ಅದರ ಕಾಂತೀಯ ಶಕ್ತಿಯನ್ನು ಮೀರಿಸುವ ಧಾತು ಇಲ್ಲ. ಎರಡು ಪರಮಾಣುಗಳು ತುದಿಗೆ ತುದಿ ಸೇರಿದರೆ ಸೆಳೆಯುತ್ತವೆ, ಪಕ್ಕಕ್ಕೆ ಪಕ್ಕ ನಿಂತರೆ ದೂಡುತ್ತವೆ. 2011ರಲ್ಲಿ ಬೆಂಜಮಿನ್ ಲೆವ್ ತಂಡ ಡಿಸ್ಪ್ರೋಸಿಯಂನ ಮೊದಲ ಸಾಂದ್ರಕ ಮಾಡಿತು. 2019ರಲ್ಲಿ ಮೂರು ತಂಡಗಳು, ಇಟಲಿಯಲ್ಲಿ ಜೊವಾನ್ನಿ ಮೊದುನ್ಯೊ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಟಿಲ್‌ಮನ್ ಫೌ, ಆಸ್ಟ್ರಿಯದ ಇನ್ಸ್‌ಬ್ರುಕ್‌ನಲ್ಲಿ ಫ್ರಾಂಚೆಸ್ಕಾ ಫೆರ್ಲೈನೊ ಅವರ ನೇತೃತ್ವದಲ್ಲಿ, ಕೆಲವೇ ತಿಂಗಳ ಅಂತರದಲ್ಲಿ ಇಂಥ ಕಾಂತೀಯ ಅನಿಲದಿಂದ ಅತಿಘನದ ಗುಣ ತೋರುವ ಸ್ಥಿತಿಯನ್ನು ಪಡೆದವು.

ತಯಾರಿಕೆಯ ಕ್ರಮ ಹೀಗೆ. ಲೋಹದ ಚೂರನ್ನು ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮೀರಿ ಕಾಯಿಸುತ್ತಾರೆ. ಜಗತ್ತಿನ ಅತಿ ತಣ್ಣನೆಯ ವಸ್ತುಗಳಲ್ಲಿ ಒಂದರ ಕೆಲಸ ಬೆಂಕಿಯಂಥ ಕಾವಿನಿಂದ ಶುರುವಾಗುತ್ತದೆ. ಹೊರಬಂದ ಪರಮಾಣುಗಳು ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ನುಗ್ಗುತ್ತವೆ. ಎದುರಿನಿಂದ 421 ನ್ಯಾನೋಮೀಟರಿನ ನೀಲಿ ಬೆಳಕು ಬೀಳುತ್ತದೆ. ಪರಮಾಣು ಒಂದೊಂದು ಬೆಳಕಿನ ಕಣವನ್ನು ಹೀರಿದಾಗಲೂ ಚೂರು ಚೂರು ನಿಧಾನವಾಗುತ್ತದೆ. ಆಮೇಲೆ 626 ನ್ಯಾನೋಮೀಟರಿನ ಕೆಂಪು ಬೆಳಕು ಆರು ದಿಕ್ಕಿನಿಂದಲೋ ಐದು ದಿಕ್ಕಿನಿಂದಲೋ ಬಿದ್ದು, ಅವುಗಳನ್ನು ಇನ್ನೂ ಮೆಲ್ಲಗಾಗಿಸಿ ಒಂದೆಡೆ ಕೂಡಿಸುತ್ತದೆ. ಇದೆಲ್ಲ ನಡೆಯುವುದು ವಾತಾವರಣದ ಒತ್ತಡದ ಕೋಟಿ ಕೋಟಿಯಲ್ಲೊಂದು ಭಾಗದಷ್ಟೇ ಒತ್ತಡ ಉಳಿದಿರುವ ನಿರ್ವಾತದಲ್ಲಿ. ಕೊನೆಗೆ ಅವಗೆಂಪು ಲೇಸರ್ ಕಿರಣಗಳು ಕತ್ತರಿಸುವ ಜಾಗವೇ ಬಲೆ. ಬಲೆಯ ಆಳವನ್ನು ಮೆಲ್ಲಗೆ ಇಳಿಸಿದರೆ ಬಿಸಿ ಹೆಚ್ಚಿರುವ ಪರಮಾಣುಗಳು ಹಾರಿಹೋಗುತ್ತವೆ, ಉಳಿದವು ಇನ್ನಷ್ಟು ತಣಿಯುತ್ತವೆ. ಕೊನೆಯಲ್ಲಿ ಉಳಿಯುವುದು ಕೆಲವು ಹತ್ತು ಸಾವಿರ ಪರಮಾಣುಗಳು, ಕೆಲ್ವಿನ್‌ನ ನೂರು ಕೋಟಿಯಲ್ಲಿ ಕೆಲವು ಹತ್ತು ಭಾಗದಷ್ಟು ಉಷ್ಣತೆಯಲ್ಲಿ.

ಈಗ ನಾಜೂಕಿನ ಘಟ್ಟ. ಕಾಂತಕ್ಷೇತ್ರದ ಬಲವನ್ನು ಹೆಚ್ಚು ಕಡಿಮೆ ಮಾಡಿ, ಪರಮಾಣುಗಳು ತೀರ ಹತ್ತಿರ ಬಂದಾಗ ದೂಡುವ ಬಲವನ್ನು ಬೇಕಾದ ಅಳತೆಗೆ ತರಬಹುದು. ಅದನ್ನು ಇಳಿಸಿದಂತೆ ಕಾಂತೀಯ ಸೆಳೆತ ಮೇಲುಗೈಯಾಗಿ, ಅನಿಲ ಸಣ್ಣ ಸಣ್ಣ ಹನಿಗಳಾಗಿ ಗುಂಪುಗೂಡುತ್ತದೆ. ಹಳೆಯ ಲೆಕ್ಕದ ಪ್ರಕಾರ ಆ ಹನಿಗಳು ತಮ್ಮೊಳಕ್ಕೇ ಕುಸಿಯಬೇಕು. ಕುಸಿಯದಂತೆ ಹಿಡಿದಿಡುವುದು ಕ್ವಾಂಟಂ ಏರಿಳಿತ, ಶೂನ್ಯ ಉಷ್ಣತೆಯಲ್ಲೂ ಅಡಗದ ಕಂಪನ. ಹನಿಗಳು ಒಂದನ್ನೊಂದು ಪಕ್ಕಕ್ಕೆ ದೂಡುತ್ತ, ಕೆಲವು ಮೈಕ್ರೋಮೀಟರ್ ಅಂತರದಲ್ಲಿ ತಾವಾಗಿ ಸಾಲುಗೊಳ್ಳುತ್ತವೆ. ಅದೇ ಹರಳು. ಹನಿಗಳ ನಡುವೆ ಪರಮಾಣುಗಳ ತೆಳು ಮಂಜು ಉಳಿದಿದ್ದರೆ ಅದರ ಮೂಲಕ ಪರಮಾಣುಗಳು ಹನಿಯಿಂದ ಹನಿಗೆ ದಾಟುತ್ತ ಎಲ್ಲವನ್ನೂ ಒಂದೇ ಅಲೆಯಲ್ಲಿ ಕಟ್ಟಿಡುತ್ತವೆ. ಅದೇ ಅತಿದ್ರವತೆ. ಮಂಜು ಆರಿದರೆ ಉಳಿಯುವುದು ಬಿಡಿಹನಿಗಳು. ಮಂಜು ದಟ್ಟವಾದರೆ ಹರಳು ಕರಗುತ್ತದೆ. ಅತಿಘನ ಬದುಕುವುದು ಇವೆರಡರ ನಡುವಿನ ಕಿರಿದಾದ ಪಟ್ಟಿಯಲ್ಲಿ. ಆರಂಭದ ಪ್ರಯೋಗಗಳಲ್ಲಿ ಅದು ಉಳಿದದ್ದು ಸೆಕೆಂಡಿನ ಸಣ್ಣ ಅಂಶದಷ್ಟು ಕಾಲ. ಇನ್ಸ್‌ಬ್ರುಕ್ ತಂಡಕ್ಕೆ ಡಿಸ್ಪ್ರೋಸಿಯಂ-164ರಲ್ಲಿ 150 ಮಿಲಿಸೆಕೆಂಡಿಗೂ ಹೆಚ್ಚು ಕಾಲ ದಕ್ಕಿತು. 2021ರಲ್ಲಿ ಅದೇ ತಂಡ ಹನಿಗಳನ್ನು ಒಂದೇ ಸಾಲಿನಲ್ಲಲ್ಲದೆ ಎರಡು ಆಯಾಮಗಳಲ್ಲಿ ಹರಡಿತು. ಸುಳಿ ಕೂರಲು ಬೇಕಾದ ಅಂಗಳ ಆಗ ಸಿದ್ಧವಾಯಿತು.

ಮುಟ್ಟದೆ ಕಲಕುವುದು

ಇಷ್ಟು ನಾಜೂಕಾದುದನ್ನು ಕಲಕುವುದು ಹೇಗೆ? ಹೊರಗಿನಿಂದ ಲೇಸರ್ ಕಿರಣ ಆಡಿಸಿದರೆ ಹರಳು ಕದಡಬಹುದು, ಬಿಸಿಯೇರಬಹುದು. ಇನ್ಸ್‌ಬ್ರುಕ್‌ನವರು ಪರಮಾಣುಗಳ ಕಾಂತಗುಣವನ್ನೇ ಉಪಾಯವಾಗಿ ಹಿಡಿದರು. ಪರಮಾಣುಗಳೆಲ್ಲ ಹೊರಗಿನ ಕಾಂತಕ್ಷೇತ್ರದ ದಿಕ್ಕಿಗೆ ಮುಖಮಾಡಿ ನಿಲ್ಲುತ್ತವೆ. ಕ್ಷೇತ್ರವನ್ನು ನೆಟ್ಟಗೆ ಇಡದೆ ಸ್ವಲ್ಪ ವಾಲಿಸಿದರೆ ಇಡೀ ಮೋಡ ಆ ಕಡೆಗೆ ಚಾಚಿಕೊಳ್ಳುತ್ತದೆ. ವಾಲಿದ ಆ ದಿಕ್ಕನ್ನು ಮೆಲ್ಲಗೆ ಸುತ್ತಿಸಿದರೆ ಚಾಚಿಕೊಂಡ ಮೋಡವೂ ಹಿಂದೆಯೇ ಸುತ್ತುತ್ತದೆ. ಮೋಡಕ್ಕೆ ಏನೂ ತಾಗುವುದಿಲ್ಲ. ಅದು ತನ್ನ ಸ್ವಂತ ಸೆಳೆತದಿಂದಲೇ ತಿರುಗುತ್ತದೆ.

ಹೇಳುವುದು ಸುಲಭ. ಮಾಡುವಾಗ ಕ್ಷೇತ್ರದ ದಿಕ್ಕು ಸುತ್ತಬೇಕು, ಬಲ ಮಾತ್ರ ಕದಲಬಾರದು. ಬಲ ಸ್ವಲ್ಪ ಹೆಚ್ಚು ಕಡಿಮೆಯಾದರೂ ಪರಮಾಣುಗಳು ದೂಡುವ ಅಳತೆ ಬದಲಾಗಿ, ಹರಳು ಕರಗುತ್ತದೆ ಇಲ್ಲವೇ ಹನಿಗಳು ಬಿಡಿಯಾಗುತ್ತವೆ. ಮೂರು ದಿಕ್ಕಿನ ತಂತಿಸುರುಳಿಗಳಲ್ಲಿ ವಿದ್ಯುತ್ತನ್ನು ಒಂದಕ್ಕೊಂದು ತಾಳೆಯಾಗುವಂತೆ ಏರಿಸಿ ಇಳಿಸಿ ಈ ಸಮತೋಲ ಕಾಯಬೇಕು. ತಂಡ ಇದನ್ನು ಮೊದಲು ಹರಳಿಲ್ಲದ ಮಾಮೂಲಿ ಕಾಂತೀಯ ಸಾಂದ್ರಕದ ಮೇಲೆ ಪಳಗಿಸಿಕೊಂಡು, ಸುಳಿಗಳನ್ನು ಕಂಡು 2022ರಲ್ಲಿ ಪ್ರಕಟಿಸಿತು. ಆಮೇಲೆಯೇ ಅತಿಘನಕ್ಕೆ ಕೈಹಾಕಿತು. ಈ ಸಂಯಮ ನನಗೆ ಬಹಳ ಇಷ್ಟ.

ಸುಳಿ ಬಂದರೂ ಅದು ಕಾಣಬೇಕಲ್ಲ? ಮಾಮೂಲಿ ಸಾಂದ್ರಕದಲ್ಲಿ ಸುಳಿಯ ನಡು ಖಾಲಿ, ಚಿತ್ರದಲ್ಲಿ ಕಪ್ಪು ಚುಕ್ಕೆಯಾಗಿ ಎದ್ದು ತೋರುತ್ತದೆ. ಅತಿಘನದಲ್ಲಿ ಸುಳಿ ಕೂರುವುದು ಹನಿಗಳ ನಡುವಿನ ಸಂದಿನಲ್ಲಿ, ಪರಮಾಣುಗಳು ಮೊದಲೇ ವಿರಳವಾಗಿರುವ ಕಡೆ. ಕತ್ತಲೆಯಲ್ಲಿ ಕಪ್ಪು ಚುಕ್ಕೆ ಹುಡುಕುವುದು ಹೇಗೆ? ಅದಕ್ಕೆ ಅವರು ಕಂಡುಕೊಂಡ ದಾರಿ ಚಂದವಾಗಿದೆ. ಕಲಕಿದ ಬಳಿಕ ಕ್ಷೇತ್ರದ ಬಲವನ್ನು ಥಟ್ಟನೆ ಬದಲಿಸಿ ಹರಳನ್ನು ಕರಗಿಸುತ್ತಾರೆ. ಹನಿಗಳು ನುಣುಪಾದ ಮೋಡವಾಗಿ ಬೆರೆಯುತ್ತವೆ. ಸುಳಿ ಮಾತ್ರ ಕರಗಲಾರದು, ಏಕೆಂದರೆ ಪೂರ್ಣಸಂಖ್ಯೆ ಅರ್ಧವಾಗಿ ಅಳಿಯುವುದಿಲ್ಲ. ಮೋಡ ಹರಡಿ ದೊಡ್ಡದಾದಾಗ ಅದು ಕಣ್ಣಿಗೆ ಬೀಳುತ್ತದೆ. ಪ್ರತಿ ಚಿತ್ರವೂ ಆ ಮೋಡದ ಅಂತ್ಯ. ಮುಂದಿನ ಚಿತ್ರಕ್ಕೆ ಕುಲುಮೆಯಿಂದಲೇ ಮತ್ತೆ ಶುರು.

2024ರ ನವೆಂಬರ್‌ನಲ್ಲಿ ಈ ಫಲಿತಾಂಶ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಖಕರ ಸಾಲಿನಲ್ಲಿ ಮೊದಲ ಹೆಸರು ಎವಾ ಕಸೊತ್ತಿ. ಮಾಮೂಲಿ ಸಾಂದ್ರಕದಲ್ಲಿ ಸುಳಿ ಬರಲು ಬೇಕಾದದ್ದಕ್ಕಿಂತ ಕಡಿಮೆ ವೇಗದಲ್ಲೇ ಅತಿಘನದಲ್ಲಿ ಸುಳಿ ಒಳಬಂದಿತ್ತು. ಹನಿಗಳ ನಡುವಿನ ವಿರಳ ಸಂದುಗಳು ಅದಕ್ಕೆ ಸುಲಭದ ದಾರಿಯಾಗಿದ್ದವು. ಹರಳಿನ ಆಕಾರ ಇದೆ, ಅತಿದ್ರವಕ್ಕೆ ಮಾತ್ರ ಸಲ್ಲುವ ಸುಳಿಯೂ ಇದೆ. 1970ರಲ್ಲಿ ಲೆಗೆಟ್ ಕೇಳಿದ್ದಕ್ಕೆ ಪದಾರ್ಥವೇ ಕೊಟ್ಟ ಉತ್ತರ ಇದು. ಅದೇ ತಂಡ 2025ರಲ್ಲಿ ಇನ್ನೊಂದು ಅಂಶ ತೋರಿಸಿತು: ಸುಳಿ ಒಳಬಂದ ಮೇಲೆ ಹರಳು ತನ್ನ ತಿರುಗಾಟದ ಲಯವನ್ನು ಸುತ್ತುವ ಕಾಂತಕ್ಷೇತ್ರದ ಲಯಕ್ಕೆ ಹೊಂದಿಸಿಕೊಳ್ಳುತ್ತದೆ.

ಇದನ್ನೇ ಉಂಗುರಕ್ಕೆ ಬಗ್ಗಿಸಿ ಯೋಚಿಸಿದರೆ ನಿಲ್ಲದ ಹರಿವಿನ ಪ್ರಶ್ನೆ ಹೊಸದಾಗುತ್ತದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಿದ್ಧಾಂತಿಗಳು 2021ರಲ್ಲಿ ಉಂಗುರಾಕಾರದ ಅತಿಘನದ ಲೆಕ್ಕ ಹಾಕಿದರು. ಅಲ್ಲಿ ಎರಡು ಬಗೆಯ ತಿರುಗಾಟ ಒಟ್ಟಿಗೆ ನಡೆಯುತ್ತದೆ: ಹನಿಗಳ ಸಾಲು ಗಟ್ಟಿ ಚಕ್ರದ ರೀತಿಯಲ್ಲಿ ಎಷ್ಟಾದರೂ ವೇಗದಲ್ಲಿ ಸುತ್ತಬಹುದು, ಅದರ ಮೂಲಕ ಹಾಯುವ ಅತಿದ್ರವದ ಸುತ್ತು ಮಾತ್ರ ಪೂರ್ಣಸಂಖ್ಯೆಗೆ ಕಟ್ಟುಬಿದ್ದದ್ದು. ನುಣುಪಾದ ಉಂಗುರದಲ್ಲಿ ಒಂದು ಸುತ್ತಿನ ಹರಿವು ಪ್ರತಿ ಪರಮಾಣುವಿಗೂ ಕೋನೀಯ ಸಂವೇಗದ ಪೂರ್ತಿ ಒಂದು ಘಟಕ ಕೊಡುತ್ತದೆ. ಅತಿಘನದಲ್ಲಿ ಹಂತದ ಸುತ್ತು ಪೂರ್ಣವೇ ಇದ್ದರೂ, ಪಾಲಿಗೆ ಬರುವ ಸಂವೇಗ ಒಂದಕ್ಕಿಂತ ಕಡಿಮೆ. ಆ ಕೊರತೆಯೇ ಲೆಗೆಟ್ ಹೇಳಿದ ಪಾಲಿನ ಲೆಕ್ಕ.

ವೇಲಾದಿಂದ ಬೆಂಗಳೂರಿಗೆ

ಈ ಕಥೆಗೆ ಕರ್ನಾಟಕದ ಕೊಂಡಿಯೊಂದಿದೆ. ವೇಲಾ ಪಲ್ಸಾರ್ ಸೆಕೆಂಡಿಗೆ ಸುಮಾರು 11 ಸಲ ತಿರುಗುವ ನ್ಯೂಟ್ರಾನ್ ನಕ್ಷತ್ರ. ಸೂರ್ಯನಿಗಿಂತ ಹೆಚ್ಚಿನ ದ್ರವ್ಯ ಸುಮಾರು 20 ಕಿಲೋಮೀಟರ್ ಅಗಲದಲ್ಲಿ ಅಡಕವಾಗಿರುವ ಇಂಥ ನಕ್ಷತ್ರಗಳು ಕಾಲ ಸರಿದಂತೆ ನಿಧಾನವಾಗುತ್ತ ಹೋಗಬೇಕು. ಆದರೆ 1969ರಲ್ಲಿ ವೇಲಾ ಇದ್ದಕ್ಕಿದ್ದಂತೆ ಹತ್ತು ಲಕ್ಷದಲ್ಲಿ ಸುಮಾರು ಎರಡು ಭಾಗದಷ್ಟು ವೇಗ ಪಡೆದುಕೊಂಡಿತು. ಆಸ್ಟ್ರೇಲಿಯದ ಪಾರ್ಕ್ಸ್ ದೂರದರ್ಶಕದಲ್ಲಿ ಅದನ್ನು ಹಿಡಿದವರು ವಿ. ರಾಧಾಕೃಷ್ಣನ್ ಮತ್ತು ರಿಚರ್ಡ್ ಮ್ಯಾಂಚೆಸ್ಟರ್. ಸಿ. ವಿ. ರಾಮನ್ ಅವರ ಮಗ ರಾಧಾಕೃಷ್ಣನ್ 1972ರಲ್ಲಿ ಬೆಂಗಳೂರಿಗೆ ಬಂದು, ತಂದೆ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು.

ಆ ನೆಗೆತದ ವಿವರಣೆ 1975ರಲ್ಲಿ ಫಿಲಿಪ್ ಆಂಡರ್ಸನ್ ಮತ್ತು ನಾವೊಕಿ ಇತೊ ಅವರಿಂದ ಬಂತು. ನಕ್ಷತ್ರದ ತೊಗಟೆ ಪರಮಾಣು ಬೀಜಗಳ ಹರಳು; ಅದರೊಳಗೆ ನ್ಯೂಟ್ರಾನುಗಳ ಅತಿದ್ರವ ತುಂಬಿದೆ. ತೊಗಟೆ ನಿಧಾನವಾಗುತ್ತದೆ. ಅತಿದ್ರವ ನಿಧಾನವಾಗಬೇಕಾದರೆ ಅದರ ಸುಳಿಗಳು ಹೊರಕ್ಕೆ ಸರಿಯಬೇಕು, ಆದರೆ ಅವು ಹರಳಿಗೆ ಸಿಕ್ಕಿಕೊಂಡಿವೆ. ಒಂದು ದಿನ ರಾಶಿ ಸುಳಿಗಳು ಒಮ್ಮೆಗೇ ಕಳಚಿಕೊಂಡು, ಕೂಡಿಟ್ಟ ತಿರುಗಾಟವನ್ನು ತೊಗಟೆಗೆ ಒಪ್ಪಿಸುತ್ತವೆ. ಹರಳು, ಅತಿದ್ರವ, ಸುಳಿ: ಇನ್ಸ್‌ಬ್ರುಕ್‌ನ ಮೋಡದಲ್ಲಿರುವುದೂ ಇವೇ ಮೂರು. 2023ರಲ್ಲಿ ಎಲೆನಾ ಪೋಲಿ ಮತ್ತು ಸಂಗಡಿಗರು ತಿರುಗುವ ಅತಿಘನವನ್ನು ಗಣಕದಲ್ಲಿ ನಿಧಾನಗೊಳಿಸಿ, ಅದರಲ್ಲಿ ಅಂಥದೇ ನೆಗೆತಗಳು ಮೂಡುವುದನ್ನು ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಹುಲ್ ಪಂಡಿತ್ ಮತ್ತು ಅಖಿಲೇಶ್ ಕುಮಾರ್ ವರ್ಮಾ, ಫ್ರಾನ್ಸಿನ ಮಾರ್ಕ್ ಬ್ರಾಶೆ ಜೊತೆಗೂಡಿ, ತೊಗಟೆ ಇರುವ ತಿರುಗುವ ಸಾಂದ್ರಕವನ್ನು ಪಲ್ಸಾರಿನ ಸರಳ ಮಾದರಿಯಾಗಿ ಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದ್ದಾರೆ. ರಾಮನ್ ಸಂಸ್ಥೆಯಲ್ಲಿ ಈಗ ಸೋಡಿಯಂ ಮತ್ತು ಪೊಟ್ಯಾಸಿಯಂ ಪರಮಾಣುಗಳನ್ನು ಲೇಸರ್‌ನಿಂದ ತಣಿಸುವ ಪ್ರಯೋಗಾಲಯವೂ ಇದೆ.

ನಕ್ಷತ್ರದೊಳಕ್ಕೆ ಯಾರೂ ಇಳಿಯಲಾರರು. ಅದರ ನೆಗೆತಕ್ಕೆ ವರ್ಷಗಟ್ಟಲೆ ಕಾಯಬೇಕು. ಪ್ರಯೋಗಾಲಯದ ಮೋಡವನ್ನಾದರೆ ಬೇಕೆಂದಾಗ ಕಟ್ಟಿ, ವೇಗವನ್ನು ನಮ್ಮ ಕೈಯಲ್ಲೇ ಇಟ್ಟುಕೊಂಡು, ಒಂದೊಂದು ಸುಳಿಯನ್ನೂ ವಿಚಾರಿಸಬಹುದು. ಈ ವಿದ್ಯೆಯ ಹಿರಿಮೆ ಇರುವುದು ಇಲ್ಲಿ. ಇದಕ್ಕೆ ಬೇಕಾದ ಕಸುಬುಗಳು ನಮ್ಮ ಊರುಗಳ ಹುಡುಗ ಹುಡುಗಿಯರಿಗೆ ದೂರದವಲ್ಲ: ಸೋರದ ಬೆಸುಗೆ, ತಂತಿಸುರುಳಿ ಸುತ್ತುವ ಅಚ್ಚುಕಟ್ಟು, ಕಿರಣವನ್ನು ಕೂದಲೆಳೆಯಷ್ಟು ಸರಿಸುವ ಕೈ, ವಿದ್ಯುತ್ ಮಂಡಲದ ಗದ್ದಲ ತಗ್ಗಿಸುವ ಜಾಣ್ಮೆ, ಲೆಕ್ಕದಲ್ಲಿ ಶ್ರದ್ಧೆ. ಕಾಗವಾಡ, ಅಥಣಿ, ರಾಯಬಾಗದ ಕಡೆಯಿಂದ ಬಿಎಸ್‌ಸಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವವರಲ್ಲಿ ಈ ಐದೂ ಕೂಡಿದವರು ಇದ್ದೇ ಇರುತ್ತಾರೆ. ಒಂದು ಸುಳಿ ಅತಿಘನಕ್ಕೆ ಕೊಡುವ ಕೋನೀಯ ಸಂವೇಗ ಒಂದು ಘಟಕಕ್ಕಿಂತ ಎಷ್ಟು ಕಡಿಮೆ ಎಂಬುದನ್ನು ನಿಖರವಾಗಿ ಅಳೆಯುವುದು ಅವರು ಕೈಹಾಕಲು ತಕ್ಕ ಕೆಲಸ.